ಹಳೆ ಬೌಲಿಂಗ್ ಬಾಲ್ ಸುಸ್ತಾಗಿದೆಯಾ? ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ಕ್ರಿಕೆಟ್ ಅಲ್ಲ, ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ವಿಷಯ. ನನ್ನ ನೇರಳೆ ಬಾಲ್ ಒಂಬತ್ತು ವರ್ಷ ನನ್ನ ಜೊತೆ ಇತ್ತು. ಡಲ್ಲಾಸ್ ಹತ್ತಿರ ಮಂಗಳವಾರ ರಾತ್ರಿಯ ಲೀಗ್, ವಾರಕ್ಕೆ ಮೂರು ಗೇಮ್, ಮಧ್ಯೆ ಮಧ್ಯೆ ಪ್ರಾಕ್ಟೀಸ್. ಹೋದ ವರ್ಷ ಅದು ತಿರುಗುವುದನ್ನೇ ಬಿಟ್ಟಿತು. ಪಾಕೆಟ್‌ಗೇನೋ ಹೋಗುತ್ತಿತ್ತು (ಪಾಕೆಟ್ ಅಂದರೆ ಬಲಗೈಯವರಿಗೆ ಮೊದಲ ಪಿನ್ನಿಗೂ ಅದರ ಬಲಗಡೆಯದಕ್ಕೂ ನಡುವಿನ ಸಂದಿ), ಆದರೆ 10ನೇ ಪಿನ್ ಮೂಲೆಯಲ್ಲಿ ಕದಲದೆ ನಿಂತು ನನ್ನನ್ನೇ ನೋಡುತ್ತಿತ್ತು.

ಆಗ ನಾನು ಮಾಡಿದ್ದು ಸುಮಾರು ಜನ ಮಾಡುವ ತಪ್ಪು. ಅದೇ ಮಾಡೆಲ್‌ನ, ಡಬ್ಬಿಯೂ ಒಡೆಯದ ಹಳೆ ಸ್ಟಾಕ್ ಒಂದನ್ನು ಹುಡುಕಿ ತರಿಸಿದೆ. ಹಳೆಯದರ ಅಳತೆಗೇ ಬೆರಳಿನ ತೂತು ಕೊರೆಸಿದೆ. ಮೊದಲ ದಿನ ನನ್ನ ಮಾಮೂಲಿ ಜಾಗದಲ್ಲೇ ನಿಂತು, ಮಾಮೂಲಿ ಬಾಣದ ಗುರುತಿನ ಮೇಲೇ ಬಿಟ್ಟೆ. ಬಾಲ್ ಅರ್ಧ ದಾರಿ ದಾಟುತ್ತಿದ್ದಂತೆ ಎಡಕ್ಕೆ ತಿರುಗಿ, ಮೊದಲ ಪಿನ್‌ನ ಆಚೆ ಬದಿಗೆ ಹೋಗಿ ಬಡಿಯಿತು. ಬಾಲ್‌ನಲ್ಲಿ ದೋಷ ಇರಲಿಲ್ಲ. ಹೊಸದಾಗಿದ್ದಾಗ ಹಳೆಯದೂ ಹಾಗೇ ತಿರುಗುತ್ತಿತ್ತು, ನನಗೆ ಮರೆತಿತ್ತು ಅಷ್ಟೇ. ವರ್ಷ ವರ್ಷ ಅದು ಮೆತ್ತಗಾದ ಹಾಗೆ ನಾನೂ ಸ್ವಲ್ಪ ಸ್ವಲ್ಪ ಬಲಕ್ಕೆ ಸರಿದು ನಿಲ್ಲುತ್ತಾ ಬಂದಿದ್ದೆ. ನನ್ನ ಕೈಗೆ ಒಗ್ಗಿದ್ದು ಅದರ ನಾಲ್ಕನೇ, ಐದನೇ ವರ್ಷದ ನಡೆ. ಹೊಸ ಕಾವಲಿಯಲ್ಲಿ ಹಳೆ ಕಾವಲಿಯ ದೋಸೆ ಏಳುತ್ತದಾ?

ಹಾಗಾಗಿ ಅಂಗಡಿಗೆ ಹೋಗಿ ‘ಇದೇ ಥರದ್ದು ಕೊಡಿ’ ಅನ್ನಬೇಡಿ. ಹಳೆಯದು ನಿಮಗೆ ಏನು ಕೆಲಸ ಮಾಡಿಕೊಡುತ್ತಿತ್ತು ಅಂತ ಮೊದಲು ಹಿಡಿಯಿರಿ. ಅದಕ್ಕೂ ಮುಂಚೆ, ಅದು ನಿಜವಾಗಲೂ ಸತ್ತಿದೆಯಾ ಅಥವಾ ಬರೀ ಜಿಡ್ಡು ಹಿಡಿದಿದೆಯಾ ನೋಡಿ.

ಲೇನ್, ಅಂದರೆ ಬಾಲ್ ಉರುಳುವ ಉದ್ದನೆಯ ದಾರಿ, ಒಣಗಿದಂತೆ ಕಂಡರೂ ಅದರ ಮೇಲೆ ತೆಳ್ಳಗೆ ಎಣ್ಣೆ ಬಳಿದಿರುತ್ತಾರೆ. ಎಸೆಯುವವರು ದಾಟಬಾರದ ಫೌಲ್ ಲೈನಿನಿಂದ ಮೊದಲ ಪಿನ್‌ಗೆ 60 ಅಡಿ. ಮಾಮೂಲಿ ಲೀಗ್‌ಗಳಲ್ಲಿ ಅದರಲ್ಲಿ ಸುಮಾರು 40 ಅಡಿ ಎಣ್ಣೆ, ಮಧ್ಯದಲ್ಲಿ ಜಾಸ್ತಿ, ಅಂಚಿನಲ್ಲಿ ಕಮ್ಮಿ. ಬಾಲ್ ಎಣ್ಣೆಯ ಮೇಲೆ ಜಾರುತ್ತದೆ, ಒಣ ಜಾಗ ಸಿಕ್ಕಾಗ ಹಿಡಿತ ಸಿಕ್ಕಿ ತಿರುಗುತ್ತದೆ. ಈಗ ನಾವು ಆಡುವ ರಿಯಾಕ್ಟಿವ್ ರೆಸಿನ್ ಬಾಲ್‌ಗಳ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವು ಬಜ್ಜಿ ಎಣ್ಣೆ ಕುಡಿದ ಹಾಗೆ ಕುಡಿಯುತ್ತವೆ. ಕುಡಿದು ಕುಡಿದು ಒಂದು ದಿನ ಬಾಲ್‌ಗೆ ಹಿಡಿತವೇ ಉಳಿಯುವುದಿಲ್ಲ.

ಎಣ್ಣೆ ತೆಗೆಯುವುದು ಸುಲಭ. ತೂತುಗಳಿಗೆ ನೀರು ಹೋಗದ ಹಾಗೆ ಗಟ್ಟಿ ಟೇಪ್ ಅಂಟಿಸಿ. ಬಕೆಟ್‌ನಲ್ಲಿ ನಲ್ಲಿಯ ಬಿಸಿನೀರು ಹಿಡಿದು, ಪಾತ್ರೆ ತೊಳೆಯುವ ಸೋಪು ಸ್ವಲ್ಪ ಬೆರೆಸಿ, ಬಾಲ್ ಮುಳುಗಿಸಿ 20 ನಿಮಿಷ ಬಿಡಿ. ಕುದಿಯುವ ನೀರು ಬೇಡ, ಓವನ್ ಅಂತೂ ಬೇಡವೇ ಬೇಡ, ಬಿರುಕು ಬಿಡುತ್ತದೆ. (10 ಪೌಂಡಿನ ಮಕ್ಕಳ ಬಾಲ್ ಆದರೆ ಮುಳುಗುವುದಿಲ್ಲ, ತೇಲುತ್ತದೆ. ನೋಡಲು ಮಜವಾಗಿರುತ್ತದೆ.) ನಾನು ಇದನ್ನು ಮಾಡುತ್ತಿದ್ದಾಗ ಹಾಸನದಿಂದ ಬಂದಿದ್ದ ಅಮ್ಮ ಬಚ್ಚಲಮನೆಯ ಬಾಗಿಲಲ್ಲಿ ನಿಂತು, “ಏನೋ ಇದು, ರುಬ್ಬುಗುಂಡಿಗೆ ಎಣ್ಣೆಸ್ನಾನ ಮಾಡಿಸ್ತಿದ್ದೀಯಾ?” ಅಂದರು. ಇಪ್ಪತ್ತು ನಿಮಿಷಕ್ಕೆ ನೀರಿನ ಮೇಲೆ ಹಳದಿ ಪದರ ಕಟ್ಟಿತ್ತು, ಹಿಂದಿನ ದಿನದ ಸಾರಿನ ಮೇಲೆ ಕಟ್ಟುತ್ತಲ್ಲ, ಹಾಗೆ.

ಆಮೇಲೆ, ಬಾಲ್ ಮಾರಿ ತೂತು ಕೊರೆಯುವ ಅಂಗಡಿ, ಅಂದರೆ ಪ್ರೊ ಶಾಪ್‌ನಲ್ಲಿ ಮೈ ಉಜ್ಜಿಸಿ. ಬಾಲ್ ಓಡುವ ಸುತ್ತಿನಲ್ಲಿ ಮೈ ನುಣ್ಣಗಾಗಿ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ಅದನ್ನು ತೆಗೆದು ಸಮ ಮಾಡುತ್ತಾರೆ. ಸುಮಾರು 60 ಗೇಮ್‌ಗೆ ಒಮ್ಮೆ ಮಾಡಿಸಿ ಅನ್ನುತ್ತಾರೆ, ನಾನು ಒಂಬತ್ತು ವರ್ಷದಲ್ಲಿ ಎರಡು ಸಲ ಮಾಡಿಸಿದ್ದೆ. ಎಣ್ಣೆ ತೆಗೆದು ಉಜ್ಜಿಸಿದ ಮೇಲೆ ಬಾಲ್‌ಗೆ ಜೀವ ಬಂದರೆ ದುಡ್ಡು ಉಳಿಯಿತು, ಮುಂದೆ ಓದುವುದೇ ಬೇಡ. ಎರಡು ವಾರದಲ್ಲಿ ಮತ್ತೆ ಮಂಕಾದರೆ ಅದರ ಕಾಲ ಮುಗಿಯಿತು. ಬೆರಳಿನ ಎರಡು ತೂತುಗಳ ಮಧ್ಯದ ಜಾಗದಲ್ಲಿ ಉಗುರು ಆಡಿಸಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಬಿರುಕು ಇದೆ ಅಂತ. ಟೆಕ್ಸಾಸ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಾಲ್ ಬಿಡುವವರಿಗೆ ಇದು ಬಹಳ ಬೇಗ ಸಿಗುವ ಬಹುಮಾನ.

ಈಗ ಹಳೆಯದರ ಚರಿತ್ರೆ ಬರೆದುಕೊಳ್ಳುವ ಕೆಲಸ. ಸ್ನೇಹಿತರೊಬ್ಬರ ಕೈಗೆ ಫೋನ್ ಕೊಟ್ಟು ನಿಮ್ಮ ಹಿಂದೆ ನಿಲ್ಲಿಸಿ, ಹತ್ತು ಎಸೆತ ವಿಡಿಯೊ ಮಾಡಿಸಿ. ಬಾಲ್ ಎಲ್ಲಿ ತಿರುಗಲು ಶುರುಮಾಡುತ್ತದೆ, ಬಿಲ್ಲಿನ ಹಾಗೆ ನಿಧಾನಕ್ಕೆ ಬಾಗುತ್ತದಾ ಅಥವಾ ಕೊನೆಯಲ್ಲಿ ಥಟ್ಟಂತ ತಿರುಗುತ್ತದಾ, ಮೊದಲ ಗೇಮ್‌ಗೂ ಮೂರನೇ ಗೇಮ್‌ಗೂ ಎಷ್ಟು ವ್ಯತ್ಯಾಸ, ಇಷ್ಟನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ. ಬಾಲ್ ವಾಪಸ್ ಬಂದಾಗ ಒರೆಸುವ ಮುಂಚೆ ಒಂದು ನಿಮಿಷ ನಿಲ್ಲಿ. ಮೈಮೇಲೆ ಎಣ್ಣೆಯ ಉಂಗುರಗಳು ಕಾಣುತ್ತವೆ. ಒಂದರ ಮೇಲೊಂದು ಕೂತಿದ್ದರೆ ಬಾಲ್ ಪ್ರತಿ ಸುತ್ತಿಗೂ ಅದೇ ಜಿಡ್ಡಿನ ಮೇಲೇ ಉರುಳುತ್ತಿದೆ. ಬಿಡಿಬಿಡಿಯಾಗಿ ಹರಡಿದ್ದರೆ ಪ್ರತಿ ಸುತ್ತಿಗೂ ಹೊಸ ಒಣ ಮೈ ಸಿಗುತ್ತಿದೆ, ಅಂದರೆ ಹಿಡಿತ ಜಾಸ್ತಿ. ಈ ಉಂಗುರಗಳ ಫೋಟೊ ತೆಗೆದು ಅಂಗಡಿಯವರಿಗೆ ತೋರಿಸಿದರೆ ಅರ್ಧ ಮಾತು ಉಳಿಯುತ್ತದೆ.

ಹೊಸದನ್ನು ಆರಿಸುವಾಗ ಜಾಸ್ತಿ ಲೆಕ್ಕಕ್ಕೆ ಬರುವುದು ಹೊರಮೈ. ಪ್ಲಾಸ್ಟಿಕ್ ಬಾಲ್ ಸುಮ್ನೆ ನೇರಕ್ಕೆ ಹೋಗುತ್ತದೆ, ಸ್ಪೇರ್, ಅಂದರೆ ಮೊದಲ ಎಸೆತಕ್ಕೆ ಉಳಿದ ಪಿನ್, ಹೊಡೆಯಲು ಅದೇ ಚೆನ್ನ. 1980ರ ದಶಕದಲ್ಲಿ ಬಂದ ಯುರೆಥೇನ್ ಬೇಗ ಹಿಡಿದು ಮೆತ್ತಗೆ ಬಾಗುತ್ತದೆ. 1990ರ ದಶಕದ ಶುರುವಿನಲ್ಲಿ ರಿಯಾಕ್ಟಿವ್ ರೆಸಿನ್ ಬಂದ ಮೇಲೆ ಆಟವೇ ಬದಲಾಯಿತು. ನಮ್ಮಂಥ ಲೀಗ್ ಆಟಗಾರರ ಬ್ಯಾಗಿನಲ್ಲಿ ಇರುವುದು ಇದೇ. ಇದರಲ್ಲೂ ಸಾಲಿಡ್ ಬೇಗ ಹಿಡಿಯುತ್ತದೆ, ಪರ್ಲ್ ಜಾಸ್ತಿ ದೂರ ಜಾರಿ ಕೊನೆಯಲ್ಲಿ ಚುರುಕಾಗಿ ತಿರುಗುತ್ತದೆ, ಹೈಬ್ರಿಡ್ ಎರಡರ ಮಧ್ಯೆ. ಇದರ ಮೇಲೆ ಉಜ್ಜುವಿಕೆಯ ಸಂಖ್ಯೆ ಇರುತ್ತದೆ: 500, 1000, 2000, 4000. ಉಪ್ಪುಕಾಗದದ ಲೆಕ್ಕವೇ, ಸಂಖ್ಯೆ ದೊಡ್ಡದಾದಷ್ಟೂ ಮೈ ನುಣುಪು, ಬಾಲ್ ದೂರ ಜಾರುತ್ತದೆ. ಈ ಸಂಖ್ಯೆಯನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು. ನಾನು ತರಿಸಿದ ಆ ಜೋಡಿ ಬಾಲ್‌ಗೂ ಕೊನೆಗೆ ಮಾಡಿದ್ದು ಅದನ್ನೇ, 4000ಕ್ಕೆ ಉಜ್ಜಿಸಿದೆ, ಸ್ವಲ್ಪ ಬುದ್ಧಿ ಬಂತು. ಸ್ವಲ್ಪ ಮಾತ್ರ.

ಕೋರ್, ಅಂದರೆ ಬಾಲ್ ಒಳಗಿನ ಭಾರದ ತಿರುಳು, ಅದರ ಬಗ್ಗೆ ಅಂಗಡಿಯಲ್ಲಿ ತುಂಬಾ ಹೊತ್ತು ಮಾತಾಡುತ್ತಾರೆ. ಬುಗುರಿ ನೆನಪು ಮಾಡಿಕೊಳ್ಳಿ. ಭಾರ ನಡುವಿನಲ್ಲಿದ್ದರೆ ಬೇಗ ಸುತ್ತು ಹಿಡಿಯುತ್ತದೆ, ಭಾರ ಹೊರಗಡೆ ಹರಡಿದ್ದರೆ ನಿಧಾನ. ಇದನ್ನು ಹೇಳುವ ಸಂಖ್ಯೆಯೇ ಆರ್‌ಜಿ. ಅಮೆರಿಕದಲ್ಲಿ ಬೌಲಿಂಗ್ ಆಟದ ನಿಯಮ ಮಾಡುವ, ಇಲ್ಲೇ ಅರ್ಲಿಂಗ್ಟನ್‌ನಲ್ಲಿರುವ ಯುಎಸ್‌ಬಿಸಿಯ ನಿಯಮದ ಪ್ರಕಾರ ಇದು 2.46ರಿಂದ 2.80 ಇಂಚಿನ ಒಳಗಿರಬೇಕು. ಡಿಫರೆನ್ಷಿಯಲ್ ಅನ್ನುವ ಇನ್ನೊಂದು ಸಂಖ್ಯೆ 0.060 ದಾಟುವಂತಿಲ್ಲ. ಆ ಉಂಗುರಗಳು ಎಷ್ಟು ಹರಡುತ್ತವೆ ಅನ್ನುವುದು ಹೆಚ್ಚಾಗಿ ಇದರಿಂದಲೇ. ಹಳೆ ಬಾಲ್‌ನ ಈ ಎರಡು ಸಂಖ್ಯೆ ಬರೆದುಕೊಂಡು, ಹೊಸದು ಅದರ ಹತ್ತಿರ ಇದ್ದರೆ ಸಾಕು. ತೂಕ ಬದಲಿಸುವುದಾದರೆ ಆ ತೂಕದ ಸಂಖ್ಯೆಯನ್ನೇ ನೋಡಿ, ಹಗುರದ ಬಾಲ್‌ಗಳಲ್ಲಿ ಕೆಲವು ಕಂಪನಿಗಳು ಕೋರ್ ಬದಲಿಸುತ್ತವೆ.

ಹೆಸರು ನೋಡಿ ಮಾತ್ರ ಮೋಸ ಹೋಗಬೇಡಿ. ಹ್ಯಾಮರ್ ಕಂಪನಿಯ ಬ್ಲ್ಯಾಕ್ ವಿಡೋ ಅನ್ನುವ ಹೆಸರಿನಲ್ಲೇ ಎಷ್ಟೋ ಬಾಲ್ ಬಂದಿವೆ. ಒಳಗಿನ ಗ್ಯಾಸ್ ಮಾಸ್ಕ್ ಕೋರ್ ಅದೇ ಅಂದರೂ ಹೊರಮೈ ಬೇರೆ ಬೇರೆ, ನಡೆಯೂ ಬೇರೆ ಬೇರೆ. ಒಂದೇ ಬಾಲ್‌ನಲ್ಲಿ ಕಾಲ ಹಾಕುವವರಿಗೆ ನನ್ನ ಆಯ್ಕೆ ಕೇಳಿದರೆ, ಸಿಮೆಟ್ರಿಕ್, ಅಂದರೆ ಸುತ್ತಲೂ ಒಂದೇ ಆಕಾರದ ಕೋರ್ ಇರುವ, ಮಧ್ಯಮ ಹಿಡಿತದ, ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ಉಳಿದ ಬಾಲ್. ಸ್ಟಾರ್ಮ್‌ನ ಹೈ-ರೋಡ್, ಫೇಝ್ 2 ಆ ಥರದವು. ಎಲ್ಲಕ್ಕಿಂತ ಜಾಸ್ತಿ ತಿರುಗುವ ಬಾಲ್ ಅಂತ ಪೋಸ್ಟರ್ ಹಾಕಿರುವುದು ಪಕ್ಕದ ಲೇನಿನವರಿಗೆ ಇರಲಿ.

ತೂಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗರಿಷ್ಠ 16 ಪೌಂಡ್. ಒಂಬತ್ತು ವರ್ಷದ ಹಿಂದೆ ಎತ್ತಿದ್ದನ್ನೇ ಈಗಲೂ ಎತ್ತಬೇಕು ಅಂತ ಯಾರೂ ಹೇಳಿಲ್ಲ. ಮೂರನೇ ಗೇಮ್‌ನಲ್ಲಿ ಭುಜ ಇಳಿಯುತ್ತಿದ್ದರೆ, ಮೊಣಕೈ ಮಾರನೇ ದಿನ ನೋಯುತ್ತಿದ್ದರೆ ಒಂದು ಪೌಂಡ್ ಇಳಿಸಿ. 14 ಪೌಂಡ್ ಹಿಡಿದರೆ ಮಾನ ಹೋಗುವುದಿಲ್ಲ. ನಾನು ಇಳಿಸಿದೆ, ಎಸೆತದ ವೇಗ ಹಾಗೇ ಉಳಿಯಿತು, ಪಿನ್ ಮೊದಲಿನಷ್ಟೇ ಬೀಳುತ್ತಿವೆ.

ಇಷ್ಟೆಲ್ಲ ಸರಿಯಾದ ಮೇಲೂ ಕೆಡುವುದು ತೂತು ಕೊರೆಸುವಾಗ. ನಾನು ಮೊದಲು ಹೋದ ಅಂಗಡಿಯಲ್ಲಿ, ಹೆಸರು ಬೇಡ, ಹಳೆ ಬಾಲ್ ನೋಡಿ ಅದನ್ನೇ ಅಳೆದು ಕೊರೆದು ಕೊಟ್ಟರು. ನನ್ನ ಕೈ ಮುಟ್ಟಲೂ ಇಲ್ಲ. ಒಂಬತ್ತು ವರ್ಷದಲ್ಲಿ ನನ್ನ ಬೆರಳು ದಪ್ಪಗಾಗಿದ್ದವು. ಹಳೆಯದರ ಹೆಬ್ಬೆರಳ ತೂತು ಸವೆದು ಸವೆದು ಅಂಚು ದುಂಡಗಾಗಿತ್ತು, ಒಳಗೆ ಆರೇಳು ತುಂಡು ಟೇಪ್ ಒಂದರ ಮೇಲೊಂದು ಕೂತಿತ್ತು. ಹೊಸದರ ಅಂಚು ಚೂಪು. ಎರಡನೇ ಗೇಮ್‌ಗೆ ಹೆಬ್ಬೆರಳ ಬುಡದ ಚರ್ಮ ಸುಲಿದು ಬಂತು. ಹೊಸ ಚಪ್ಪಲಿ ಕಚ್ಚುತ್ತದಲ್ಲ, ಅದಕ್ಕಿಂತ ಕೆಟ್ಟ ಉರಿ.

ಅದಕ್ಕೆ ಹೇಳುವುದು, ಕೈಯನ್ನು ಹೊಸದಾಗಿ ಅಳೆಯಲು ಕೇಳಿ. ಹೆಬ್ಬೆರಳಿಗೂ ಬೆರಳುಗಳಿಗೂ ನಡುವಿನ ದೂರಕ್ಕೆ ಸ್ಪ್ಯಾನ್ ಅನ್ನುತ್ತಾರೆ. ನಮ್ಮ ಗೇಣು ಇದ್ದ ಹಾಗೆ, ಅವರವರ ಗೇಣು ಅವರವರಿಗೆ. ಹಿಡಿದಾಗ ಅಂಗೈಗೂ ಬಾಲ್‌ಗೂ ಮಧ್ಯೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಇದ್ದರೆ ಸರಿ. ಕೈ ಕೆಳಗೆ ಬಿಟ್ಟು ತೂಗಿದಾಗ ಹೆಬ್ಬೆರಳು ಅದುಮಿ ಹಿಡಿಯಬೇಕು ಅನ್ನಿಸಿದರೆ ತೂತು ದೊಡ್ಡದು. ಎಳೆದಾಗ ಪಟ್ ಅಂತ ಸದ್ದು ಬಂದರೆ ಚಿಕ್ಕದು. ಬೆಳಿಗ್ಗೆ ಬೇಡ, ನೀವು ಆಡುವ ಹೊತ್ತಿಗೇ ಹೋಗಿ ಅಳತೆ ಕೊಡಿ, ಬೆರಳು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ಹೆಬ್ಬೆರಳ ತೂತಿಗೆ ತೆಗೆದು ಹಾಕುವಂಥ ಒಳಕೊಳವೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು, ಅದೇ ಕೊಳವೆಯನ್ನು ಎಲ್ಲ ಬಾಲ್‌ಗೂ ಬದಲಿಸಿಕೊಂಡು ಆಡಬಹುದು. ಬಾಲ್ ಮೇಲೆ ಕೋರ್‌ನ ತುದಿ ತೋರಿಸುವ ಬಣ್ಣದ ಚುಕ್ಕೆಯಿಂದ ತೂತು ಎಷ್ಟು ದೂರ ಬರಬೇಕು ಅನ್ನುವುದೂ ನಿಮ್ಮ ಈಗಿನ ಎಸೆತ ನೋಡಿ ತೀರ್ಮಾನ ಆಗಲಿ. ವಿಡಿಯೊ ಇದೆಯಲ್ಲ, ತೋರಿಸಿ.

ಖರ್ಚು ಕೇಳುವವರಿಗೆ: ಇಲ್ಲಿ ಒಳ್ಳೆ ರಿಯಾಕ್ಟಿವ್ ಬಾಲ್‌ಗೆ ಸುಮಾರು 150ರಿಂದ 250 ಡಾಲರ್ ಆಗುತ್ತದೆ. ಆನ್‌ಲೈನ್‌ನಲ್ಲಿ ಅಗ್ಗವಾಗಿ ತರಿಸಿ, ಕೊರೆಸಲು ಪ್ರೊ ಶಾಪ್‌ಗೆ ಹೋಗುವವರು ಕೊರೆತದ ದರ ಮೊದಲೇ ಕೇಳಿ, ಉಳಿಸಿದ್ದೆಲ್ಲ ಅಲ್ಲೇ ಹೋಗಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ತೂತು ಎಣಿಸಿ. ತೂಕ ಸರಿದೂಗಿಸಲು ಹೆಚ್ಚುವರಿ ತೂತು ಕೊರೆಯುವುದನ್ನು ಯುಎಸ್‌ಬಿಸಿ 2020ರ ಆಗಸ್ಟ್ 1ರಿಂದ ನಿಲ್ಲಿಸಿದೆ. ಬೆರಳು ಹಾಕದ ತೂತು ಇದ್ದರೆ ಅದನ್ನು ಮುಚ್ಚಿಸದೆ ಲೀಗ್‌ನಲ್ಲಿ ಆಡುವಂತಿಲ್ಲ. ಊರಿಗೆ ಒಯ್ದು ಬೆಂಗಳೂರಿನಲ್ಲಿ ಆಡುತ್ತೇನೆ ಅನ್ನುವವರು ನೆನಪಿಡಿ, 15 ಪೌಂಡಿನ ಬಾಲ್ ಅಂದರೆ 23 ಕೆಜಿ ಸೂಟ್‌ಕೇಸ್‌ನಲ್ಲಿ ಆರು ಮುಕ್ಕಾಲು ಕೆಜಿ ಹೋಯಿತು. ತಂಗಿ ಕೇಳಿದ ಚಾಕೊಲೇಟ್ ಯಾವ ಬ್ಯಾಗಿಗೆ ಹಾಕುತ್ತೀರಿ ನೋಡಿಕೊಳ್ಳಿ.

ಹೊಸದು ಕೈಗೆ ಬಂದ ಮೇಲೆ ನೇರ ಲೀಗ್ ರಾತ್ರಿಗೆ ಒಯ್ಯಬೇಡಿ. ಮೂರು ವಾರ ಪ್ರಾಕ್ಟೀಸ್‌ನಲ್ಲಿ ಆಡಿ. ಬಲಗೈಯವರಾದರೆ ಮೊದಲ ದಿನ ಮಾಮೂಲಿಗಿಂತ ನೆಲದ ಹಲಗೆಯ ನಾಲ್ಕೈದು ಪಟ್ಟಿ ಎಡಕ್ಕೆ ನಿಂತು ಶುರು ಮಾಡಿ. ಪ್ರತಿ ಎಸೆತ ಆದ ಮೇಲೂ ಒಣ ಟವಲ್‌ನಿಂದ ಒರೆಸಿ, ಮನೆಗೆ ಹೊರಡುವ ಮುಂಚೆ ಕ್ಲೀನರ್ ಹಾಕಿ ಒರೆಸಿ. ಹಳೆಯದನ್ನು ಎಸೆಯಬೇಡಿ. ನಮ್ಮ ಲೀಗ್‌ನಲ್ಲಿ ಒಂಬತ್ತೂವರೆ ಹೊತ್ತಿಗೆ ಬಲಗಡೆಯ ಎಣ್ಣೆಯೆಲ್ಲ ಒರೆಸಿಹೋಗಿ ಲೇನ್ ಒಣಗಿರುತ್ತದೆ, ಹೊಸ ಬಾಲ್ ಎಲ್ಲೆಂದರಲ್ಲಿ ತಿರುಗುತ್ತದೆ. ಆಗ ನಾನು ಬ್ಯಾಗಿನ ತಳದಿಂದ ಆ ನೇರಳೆ ಬಾಲ್ ತೆಗೆಯುತ್ತೇನೆ. ಅದು ಎಂದಿನ ಹಾಗೆ ನಿಧಾನಕ್ಕೆ ಉರುಳಿಕೊಂಡು ಹೋಗಿ ಪಾಕೆಟ್ ಸೇರುತ್ತದೆ. 10ನೇ ಪಿನ್ ಕೆಲವು ಸಲ ಈಗಲೂ ನಿಲ್ಲುತ್ತದೆ, ಅದಕ್ಕೆ ಪ್ಲಾಸ್ಟಿಕ್ ಬಾಲ್ ಇದೆ.