ಕ್ಲಾಸಿಗೆ ಹೊರದೇಶದ ಸ್ಟೂಡೆಂಟ್ ಬಂದ್ರೆ ಮೇಷ್ಟ್ರುಗಳು ಮೊದ್ಲು ಏನ್ಮಾಡ್ಬೇಕು

ಮೈಸೂರಲ್ಲಿ ಪಾಠ ಮಾಡೋರಿಗೆ ಹೊರದೇಶದ ಹುಡುಗ್ರು ಹೊಸಬರೇನಲ್ಲ, ಯೆಮೆನ್, ಅಫ್ಘಾನಿಸ್ತಾನ, ಇಥಿಯೋಪಿಯಾ ಅಂತ ಬರ್ತಾನೇ ಇರ್ತಾರೆ. ನಾವೇನ್ ಮಾಡ್ತೀವಿ, ಪೇಟ ಹಾಕಿ ಫೋಟೋ ತೆಗೆಸ್ಕೊಂಡು ಅಲ್ಲಿಗೆ ಮುಗೀತು ಅಂತೀವಿ.

ಮೊದ್ಲು ಹೆಸರು ಸರಿಯಾಗಿ ಕೇಳ್ಕೊಳಿ. ಇಥಿಯೋಪಿಯಾದವರಿಗೆ ಸರ್‌ನೇಮ್ ಅನ್ನೋದೇ ಇಲ್ಲ, ಎರಡನೇ ಹೆಸರು ಅಪ್ಪಂದು, ನಮ್ಮ ಇನಿಶಿಯಲ್ ಇದ್ದಂಗೆ, ಅವರದ್ದು ಹಿಂದೆ ಬರುತ್ತೆ ಅಷ್ಟೇ. ನಾನು ಒಂದು ಸೆಮಿಸ್ಟರ್ ಪೂರ್ತಿ ಅಟೆಂಡೆನ್ಸಲ್ಲಿ ಒಬ್ಬನ ಅಪ್ಪನ ಹೆಸರು ಕೂಗಿದೀನಿ, ಪಾಪ ಅವನೂ ಯೆಸ್ ಸರ್ ಅಂತಾನೇ ಇದ್ದ.

ಟೈಮ್ ಹೇಳುವಾಗ್ಲೂ ಹುಷಾರು. ಇಥಿಯೋಪಿಯಾ ಕಡೆ ಗಂಟೆ ಲೆಕ್ಕ ಶುರುವಾಗೋದೇ ಬೆಳಗ್ಗೆಯಿಂದ, ನಮ್ಮ 7 ಗಂಟೆ ಅಂದ್ರೆ ಅವರಿಗೆ 1 (ನಮ್ಮಜ್ಜಿ ಘಳಿಗೆ ಎಣಿಸ್ತಿದ್ದದ್ದೂ ಸೂರ್ಯ ಹುಟ್ಟಿದ್ಮೇಲೇ ಅಲ್ವಾ). ನಾನು 3 ಗಂಟೆಗೆ ಬಾ ಅಂದಿದ್ದಕ್ಕೆ ಅವನು ಬೆಳಗ್ಗೆ 9ಕ್ಕೇ ಬಂದು ಸ್ಟಾಫ್‌ರೂಮ್ ಬಾಗಿಲಲ್ಲಿ ನಿಂತಿದ್ದ. ಅದಕ್ಕೇ ಈಗ 'ಮಧ್ಯಾಹ್ನ ಊಟ ಆದ್ಮೇಲೆ' ಅಂತ ಸೇರಿಸಿ ಹೇಳ್ತೀನಿ.

ಪಾಠಕ್ಕಿಂತ ಮುಂಚೆ ಕಾಗದ ಪತ್ರ ವಿಚಾರಿಸಿ, ಇದು ಮುಖ್ಯ. 180 ದಿನಕ್ಕಿಂತ ಜಾಸ್ತಿ ಅವಧಿಯ ಸ್ಟೂಡೆಂಟ್ ವೀಸಾ ಇದ್ರೆ ಬಂದ 14 ದಿನದೊಳಗೆ ಎಫ್ಆರ್‌ಆರ್‌ಓ (ಹೊರದೇಶದವರ ನೋಂದಣಿ ಆಫೀಸು) ರಿಜಿಸ್ಟ್ರೇಷನ್ ಆಗ್ಬೇಕು, ಈಗ ಆನ್‌ಲೈನಲ್ಲೇ ಅರ್ಜಿ ಹಾಕೋದು, ಅದಕ್ಕೆ ಇಲ್ಲೇ ಓದ್ತಿದಾನೆ ಅನ್ನೋ ಕಾಲೇಜಿನ ಬೋನಫೈಡ್ ಸರ್ಟಿಫಿಕೇಟ್ ಬೇಕು. ಆ ಬೋನಫೈಡಿಗೆ ಹುಡುಗನ್ನ ಮೂರು ಟೇಬಲ್ ಸುತ್ತಿಸ್ತಾರೆ, ಕ್ಲರ್ಕ್ ಕನ್ನಡದಲ್ಲಿ ನಾಳೆ ಬಾ ಅಂದ್ರೆ ಇವನಿಗೇನ್ ಗೊತ್ತಾಗ್ಬೇಕು, ನೀವೇ ಒಂದ್ಸಲ ಜೊತೇಲಿ ಹೋಗ್ಬಿಡಿ, ಹತ್ತು ನಿಮಿಷದ ಕೆಲಸ. ಬಾಡಿಗೆ ಮನೇಲಿದ್ರೆ ಓನರ್ ಕೂಡ 24 ಗಂಟೇಲಿ ಆನ್‌ಲೈನ್ ಮಾಹಿತಿ ಕೊಡ್ಬೇಕು, ತುಂಬಾ ಓನರ್‌ಗಳಿಗೆ ಇದು ಗೊತ್ತೇ ಇರಲ್ಲ, ಫೋನ್ ಮಾಡಿ ಹೇಳಿ.

ಕ್ಲಾಸಲ್ಲಿ 'ಅರ್ಥ ಆಯ್ತಾ' ಅಂತ ಕೇಳ್ಬೇಡಿ, ಮರ್ಯಾದೆಗೆ ಎಲ್ಲರೂ ಹೂಂ ಅಂತಾರೆ. ಮುಂದಿನ ಸ್ಟೆಪ್ ಏನು ಅಂತ ಕೇಳಿ. ಇಂಟರ್ನಲ್ಸ್, ರೆಕಾರ್ಡು, ಶಾರ್ಟೇಜು ಇವೆಲ್ಲ ನಮ್ಮ ಭಾಷೆ, ಬಿಡಿಸಿ ಹೇಳಿ. ನಾವು ತಲೆ ಪಕ್ಕಕ್ಕೆ ಆಡಿಸಿದ್ರೆ ಸರಿ ಅಂತ ಅರ್ಥ ಅನ್ನೋದನ್ನೂ ಮೊದಲ ದಿನವೇ ಹೇಳ್ಬಿಡಿ, ಬೇಡ ಅಂತಿದಾರೆ ಅಂದ್ಕೊಂಡು ಸುಮ್ನೆ ವಾಪಸ್ ಹೋಗಿರೋರಿದಾರೆ.

ಜೊತೆಗೆ ಅವರ ದೇಶದ ಒಬ್ಬ ಸೀನಿಯರ್ರು, ಇಲ್ಲಿನ ಒಬ್ಬ ಕ್ಲಾಸ್‌ಮೇಟು, ಇಬ್ಬರನ್ನೂ ಹಾಕಿ. ಬರೀ ಅವರ ಕಡೆಯವರೇ ಆದ್ರೆ ರೂಮ್ ಬಿಟ್ಟು ಆಚೆ ಬರಲ್ಲ, ಬರೀ ಇಲ್ಲಿಯವರಾದ್ರೆ ಮನೆ ನೆನಪಾದಾಗ ಹೇಳ್ಕೊಳಕ್ಕೆ ಯಾರೂ ಇರಲ್ಲ.

ಊಟದ್ದು ಅಷ್ಟೇನೂ ತಲೆ ಕೆಡಿಸ್ಕೊಬೇಡಿ, ಇಥಿಯೋಪಿಯಾದವರ ರೊಟ್ಟಿ ಇಂಜೆರಾನೂ ಹಿಟ್ಟು ಹುಳಿ ಬರಿಸಿ ಹುಯ್ಯೋದೇ, ದೋಸೆ ಬೇಗ ಹಿಡಿಸುತ್ತೆ. ಆದ್ರೆ ಅಲ್ಲಿನ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರು ಬುಧವಾರ ಶುಕ್ರವಾರ ಮಾಂಸ ಬಿಡಿ, ಹಾಲು ತುಪ್ಪಾನೂ ಮುಟ್ಟಲ್ಲ. ಇದು ಗೊತ್ತಿಲ್ದೆ ಒಂದು ಬುಧವಾರ ನಾನು ಮೈಸೂರ್ ಪಾಕ್ ಕೊಟ್ಟೆ, ತಗೊಂಡು ಕರ್ಚೀಫಲ್ಲಿ ಸುತ್ತಿಟ್ಕೊಂಡ, ಗುರುವಾರ ಬೆಳಗ್ಗೆ ಬಂದು 'ಸೂಪರ್ ಸರ್, ಇನ್ನೊಂದಿದ್ಯಾ' ಅಂದ.