ಅರಿವಿ ಥಾನಿನ ಹಳೆ ಚೀಟಿ: ಹೆಣ್ಣು, ಹಂಸ, ತಾವರೆ ಓದುವ ಬಗೆ

ಬೆಳಗಾವಿ, ಗುಳೇದಗುಡ್ಡ, ಇಳಕಲ್ಲಿನ ಹಳೆ ಅರಿವಿ ಅಂಗಡಿಯ ಖಾತೆಪುಸ್ತಕದಲ್ಲಿ, ಹಿಂದೆ ಗಿರಣಿಯವರು ಥಾನಿಗೆ (ಬಟ್ಟೆಯ ಇಡೀ ಸುರುಳಿಗೆ) ಅಂಟಿಸುತ್ತಿದ್ದ ಬಣ್ಣದ ಚೀಟಿ ಸಿಕ್ಕರೆ ಮೊದಲು ಹೆಣ್ಣಿನ ಮುಖ ನೋಡಬೇಡಿ. ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಗುರುತು ಇರುವುದು ಸುತ್ತಲಿನ ಗಿಡ, ಹಕ್ಕಿ, ನೀರಿನಲ್ಲಿ.

ತಾವರೆ, ಆನೆ ಇದ್ದರೆ ಲಕ್ಷ್ಮಿ. ಎದುರಿಗೆ ಹಂಸವಿದ್ದರೆ ದಮಯಂತಿ. ಜಿಂಕೆ, ಬಳ್ಳಿ, ಆಶ್ರಮದ ಮರ ಇದ್ದರೆ ಶಕುಂತಲೆ. ನವಿಲು ಕಂಡ ಕೂಡಲೇ ಸರಸ್ವತಿ ಎಂದು ಬರೆದಿಡುವವರು ಬಹಳ. ಕೈಯಲ್ಲಿ ವೀಣೆಯೋ ಪುಸ್ತಕವೋ ಇಲ್ಲದಿದ್ದರೆ ಅವಳು ಬರೀ ತೋಟದ ಚೆಲುವೆ. ಆ ಕಾಲದ ಯುರೋಪಿನ ಜಾಹೀರಾತಿನಲ್ಲಿ ಋತುಗಳೂ ಹೆಂಗಸರೇ: ಹೂವಿನವಳು ವಸಂತ, ಗೋಧಿ ತೆನೆಯವಳು ಬೇಸಿಗೆ, ದ್ರಾಕ್ಷಿಯವಳು ಶರತ್ತು.

ಚಿತ್ರಕ್ಕೂ ಸರಕಿಗೂ ನಂಟು ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಓದು ಬಾರದ ಗಿರಾಕಿ ಮುಂದಿನ ಸಲ "ಲಕ್ಷ್ಮೀ ಛಾಪ ಕೊಡ್ರಿ" ಅನ್ನಬೇಕು, ಗಿರಣಿಗೆ ಬೇಕಿದ್ದದ್ದು ಅಷ್ಟೇ.

ಕಾಲ ತಿಳಿಯಲು 10 ಪಟ್ಟಿನ ಭೂತಗನ್ನಡಿ ಸಾಕು. ಹಳೆ ಚೀಟಿಗಳು ಕಲ್ಲಚ್ಚಿನವು, ಅದರಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಕಲ್ಲು. ಕೆನ್ನೆಯ ಮೇಲೆ ಅಡ್ಡಾದಿಡ್ಡಿ ಚುಕ್ಕೆ ಕಾಣುತ್ತವೆ, ಅಂಚಿನಲ್ಲಿ ಬಣ್ಣ ಕೂದಲೆಳೆ ಸರಿದಿರುವುದೂ ಉಂಟು. ಚುಕ್ಕೆಗಳು ಸಾಲು ಹಿಡಿದು ಸಣ್ಣ ಹೂವಿನಂತೆ ಕೂಡಿದ್ದರೆ ಅದು ಆಫ್‌ಸೆಟ್ ಯಂತ್ರದ ಮುದ್ರಣ, ಹೆಚ್ಚಾಗಿ ಈಚಿನ ನಕಲು. ಇನ್ನೊಂದು ಪರೀಕ್ಷೆ ಅಂಗಡಿಯ ಗಲ್ಲೆಯಲ್ಲೇ ಇದೆ: ನೋಟು ನೋಡುವ ನೀಲಿ ದೀಪ. ಅದರಡಿ ಕಾಗದ ಬೆಳ್ಳಗೆ ಹೊಳೆದರೆ 1950ರ ಈಚಿನದೆಂದೇ ಎಣಿಸಿ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದು ಅಂತಲ್ಲ. ಬೆಲೆ ಆಣೆಯಲ್ಲಿದ್ದರೆ, ದಶಮಾಂಶ ನಾಣ್ಯ ಬಂದ 1957ಕ್ಕಿಂತ ಹಿಂದಿನ ಚಿತ್ರ. ಆದರೆ ನಕಲಿನಲ್ಲೂ ಆಣೆ ಹಾಗೇ ಉಳಿದಿರುತ್ತದೆ, ಆದ್ದರಿಂದ ಚುಕ್ಕೆಯನ್ನೇ ನಂಬಿ.

ಖಾತೆಪುಸ್ತಕದಿಂದ ಚೀಟಿ ಕೀಳಬೇಡಿ. ನೀರಿಗೆ ಹಾಕಿದರೆ ಉಬ್ಬಚ್ಚು ಚಪ್ಪಟೆಯಾಗುತ್ತದೆ, ಚಿನ್ನದ ಪುಡಿ ಕಳಚುತ್ತದೆ, ಸೀರೆಯಂಚು ಹೋದರೆ ಚೀಟಿಯ ಅರ್ಧ ಜೀವ ಹೋದಂತೆ. ಹಾಳೆ ಸಮೇತ ಕತ್ತರಿಸಿಡಿ, ಸುತ್ತ 2 ಸೆಂ.ಮೀ. ಬಿಟ್ಟು. ಲ್ಯಾಮಿನೇಷನ್, ಸೆಲೋಟೇಪು ಎರಡೂ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಪಿವಿಸಿ ಆಲ್ಬಮ್ಮಿನ ಹಾಳೆ ಶಾಯಿಗೆ ಮೆತ್ತುತ್ತದೆ, ಪಾಲಿಯೆಸ್ಟರ್ ಲಕೋಟೆ ತನ್ನಿ.

ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟರೆ ಬೂಷ್ಟು ಖಾತ್ರಿ. ಗೋಡೆಯಿಂದ ಒಂದು ಗೇಣು ದೂರವಿರಲಿ. ತೇವ ಹೀರಲು ಡಬ್ಬಿಯಲ್ಲಿಟ್ಟ ಸಿಲಿಕಾ ಜೆಲ್ಲನ್ನು ಬಣ್ಣ ಬದಲಾದಾಗ ಒಣಗಿಸಿ. ವಿಜಯಪುರದ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: ಕಾಗದ ಒಣಗಿ ಮಡಿಕೆಯಲ್ಲೇ ಮುರಿಯುತ್ತದೆ. ಅಲ್ಲಿ ಜೆಲ್ ಬೇಡ, ತಗಡಿನ ಮಾಳಿಗೆಯಿಂದ ಕೆಳಗಿಳಿಸಿದರೆ ಸಾಕು.