ಬಿಟ್ ತಾನಾಗಿ ಬದಲಾದರೆ: ವಿಕಿರಣದಿಂದ ಆಗುವ ದೋಷ ಹಿಡಿಯೋದು ಹೇಗೆ, ತಡೆಯೋದು ಹೇಗೆ

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆ ಪಂಪ್ ಕಂಟ್ರೋಲರ್, ಡೇಟಾ ಲಾಗರ್ ಮಾಡುವವರಿಗೆ ಮತ್ತು ಧಾರವಾಡದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಬೋರ್ಡ್ ತಿಂಗಳುಗಟ್ಟಲೆ ಚೆನ್ನಾಗಿ ಓಡುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ತಪ್ಪು ಲೆಕ್ಕ ತೋರಿಸುತ್ತದೆ, ಇಲ್ಲವೇ ಹ್ಯಾಂಗ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಶುರು.

ಇಂಥದ್ದಕ್ಕೆ ತುಂಬಾ ಜನ ಮೊಬೈಲ್ ಟವರ್ ಕಡೆ ಬೆರಳು ತೋರಿಸುತ್ತಾರೆ. ಟವರ್ ಅಲೆಗಳಿಂದ ವೈರ್‌ಗಳಲ್ಲಿ ನಾಯ್ಸ್ ಬರಬಹುದು, ಅದಕ್ಕೆ ಶೀಲ್ಡಿಂಗ್, ಅರ್ಥಿಂಗ್ ಸರಿ ಮಾಡಿದರೆ ಆಯ್ತು. ಆದರೆ ಚಿಪ್ ಒಳಗಿನ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಶಕ್ತಿ ಆ ಅಲೆಗಳಿಗೆ ಇಲ್ಲ. ಅಂಥ ಕೆಲಸ ಮಾಡೋದು ಬೇರೆಯೇ ಕಣಗಳು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಮೇಲಿನ ವಾತಾವರಣಕ್ಕೆ ಬಡಿದಾಗ ನ್ಯೂಟ್ರಾನ್‌ಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ಅದರಲ್ಲಿ ಒಂದು ಸಿಲಿಕಾನ್ ಪರಮಾಣುವಿಗೆ ಡಿಕ್ಕಿ ಹೊಡೆದರೆ ಅಲ್ಲಿ ಒಂದಿಷ್ಟು ಚಾರ್ಜ್ ಹುಟ್ಟುತ್ತದೆ, ರ‍್ಯಾಮ್‌ನ ಒಂದು ಬಿಟ್ (0 ಅಥವಾ 1 ಹಿಡಿದಿಡುವ ಅತಿ ಸಣ್ಣ ಜಾಗ) 0 ಇದ್ದದ್ದು 1 ಆಗಬಹುದು. ಎರಡನೆಯ ಮೂಲ ಚಿಪ್‌ನ ಪ್ಯಾಕಿಂಗ್. ಅದರಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಉಳಿದ ಯುರೇನಿಯಂ, ಥೋರಿಯಂ ಆಲ್ಫಾ ಕಣ ಬಿಡುತ್ತವೆ ಅಂತ 1978ರಲ್ಲಿ ಇಂಟೆಲ್ ಎಂಜಿನಿಯರ್‌ಗಳು ತೋರಿಸಿಕೊಟ್ಟರು. ತಗಡಿನ ಡಬ್ಬಿಯಲ್ಲಿ ಬೋರ್ಡ್ ಇಟ್ಟರೆ ಈ ಎರಡೂ ನಿಲ್ಲೋದಿಲ್ಲ. ಆಲ್ಫಾ ಹುಟ್ಟೋದೇ ಚಿಪ್ ಒಳಗೆ, ನ್ಯೂಟ್ರಾನ್ ತಡೆಯೋಕೆ ಭಾರಿ ದಪ್ಪದ ಕಾಂಕ್ರೀಟ್ ಬೇಕು.

ಆದರೂ ಮೊದಲೇ ಕಾಸ್ಮಿಕ್ ಕಿರಣದ ಮೇಲೆ ಹಾಕಬೇಡಿ. ನಮ್ಮ ಕಡೆ ಹೊಲದ ಪ್ಯಾನಲ್‌ನಲ್ಲಿ ಕರೆಂಟ್ ಬಂದು ಹೋಗೋದು, ವೋಲ್ಟೇಜ್ ಕುಸಿಯೋದು, ಕಾಂಟ್ಯಾಕ್ಟರ್ ಎಳೆದಾಗ ಬರುವ ಸ್ಪೈಕ್, ಉಬ್ಬಿದ ಕ್ಯಾಪಾಸಿಟರ್, ಲೂಸ್ ಕನೆಕ್ಷನ್, ಧೂಳು, ಮಳೆಗಾಲದ ತೇವ, ಇವುಗಳ ಪಾಲೇ ಜಾಸ್ತಿ. ಸಪ್ಲೈ ಪಿನ್‌ಗೆ ಸ್ಕೋಪ್ ಹಾಕಿ, ಮೋಟಾರ್ ಶುರುವಾಗುವಾಗ ನೋಡಿ. ಬ್ರೌನ್‌ಔಟ್ ರೀಸೆಟ್ (ವೋಲ್ಟೇಜ್ ಕುಸಿದರೆ ಚಿಪ್ ಅನ್ನು ಮತ್ತೆ ಶುರು ಮಾಡಿಸುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಮೆಮೊರಿ ಟೆಸ್ಟ್ ರಾತ್ರಿಯಿಡೀ ಓಡಿಸಿ. ಪದೇ ಪದೇ ಅದೇ ಅಡ್ರೆಸ್‌ನಲ್ಲಿ ತಪ್ಪು ಬಂದರೆ ಚಿಪ್ಪೇ ಕೆಟ್ಟಿದೆ, ಬದಲಿಸಿ.

ಇಷ್ಟಾದ ಮೇಲೂ ಕಾರಣ ಸಿಗದಿದ್ದರೆ, ಇರಬೇಕಾದ ಸಂಖ್ಯೆ ಮತ್ತು ಬಂದ ಸಂಖ್ಯೆ ಎರಡನ್ನೂ ಬೈನರಿಯಲ್ಲಿ ಬರೆದುಕೊಳ್ಳಿ. ಪಂಪ್ ಟೈಮರ್ 40 ನಿಮಿಷಕ್ಕೆ ಇಟ್ಟದ್ದು 168 ಆಗಿದೆ ಅನ್ನಿ. 40 ಅಂದರೆ 00101000, 168 ಅಂದರೆ 10101000. ಒಂದೇ ಒಂದು ಬಿಟ್ ಬೇರೆ, ವ್ಯತ್ಯಾಸ ಸರಿಯಾಗಿ 128. ವೋಲ್ಟೇಜ್ ಕುಸಿದು ಕೆಟ್ಟ ಡೇಟಾದಲ್ಲಿ ಸಾಮಾನ್ಯವಾಗಿ ಹಲವು ಬಿಟ್‌ಗಳು ಚೆಲ್ಲಾಪಿಲ್ಲಿ ಆಗಿರುತ್ತವೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಾಗಿ ಬಿದ್ದಿತ್ತು, 2ರ ಹನ್ನೆರಡನೇ ಘಾತ. ಯಂತ್ರದಲ್ಲಾಗಲಿ ಪ್ರೋಗ್ರಾಂನಲ್ಲಾಗಲಿ ಬೇರೆ ತಪ್ಪು ಸಿಗಲಿಲ್ಲ, ಒಂದು ಬಿಟ್ ಬದಲಾಗಿರಬೇಕು ಅಂತ ತೀರ್ಮಾನಕ್ಕೆ ಬಂದರು. ಕಾಸ್ಮಿಕ್ ಕಣವೇ ಕಾರಣ ಅಂತ ಸಾಬೀತಾಗಿಲ್ಲ, ಸಾಬೀತು ಮಾಡೋದು ಸಾಧ್ಯವೂ ಇಲ್ಲ. ಕಣ ಬಡಿದ ಗುರುತು ಎಲ್ಲೂ ಉಳಿಯೋದಿಲ್ಲ ಅಲ್ವಾ.

ಹಾಗಾಗಿ ಬಿಟ್ ಬದಲಾದರೂ ಅನಾಹುತ ಆಗದ ಹಾಗೆ ಕೋಡ್ ಬರೆಯೋದೇ ದಾರಿ. ಮುಖ್ಯವಾದ ಸೆಟ್ಟಿಂಗ್‌ಗಳನ್ನು ಮೂರು ಕಡೆ ಇಡಿ, ಓದುವಾಗ ಎರಡು ಹೊಂದಿದ್ದನ್ನು ತೆಗೆದುಕೊಂಡು ಮೂರನೆಯದನ್ನು ತಿದ್ದಿ. ಮೂರನ್ನೂ ಅಕ್ಕಪಕ್ಕ ಇಡಬೇಡಿ, ಒಂದೇ ಕಣ ಹತ್ತಿರದ ಕೆಲವು ಬಿಟ್‌ಗಳನ್ನು ಒಟ್ಟಿಗೆ ಕೆಡಿಸಬಹುದು. ಮತ್ತೆ ಅವನ್ನು ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅನ್ನೋ ಸೂಚನೆ) ಅಂತ ಘೋಷಿಸೋದು ಮರೆಯಬೇಡಿ, ಇಲ್ಲದಿದ್ದರೆ ಕಂಪೈಲರ್ ಈ ಮೂರೂ ಒಂದೇ ಅಂದುಕೊಂಡು ನಿಮ್ಮ ಹೋಲಿಕೆಯನ್ನೇ ತೆಗೆದು ಹಾಕಬಹುದು. ಪಿನ್ ದಿಕ್ಕು, ರಿಲೇ ಔಟ್‌ಪುಟ್ ಇವನ್ನು ಶುರುವಿನಲ್ಲಿ ಒಮ್ಮೆ ಬರೆದು ಸುಮ್ನೆ ಬಿಡಬೇಡಿ, ಪ್ರತಿ ಸುತ್ತಿನಲ್ಲೂ ಬರೆಯಿರಿ, ಯಾಕೆಂದರೆ ಆ ರಿಜಿಸ್ಟರ್‌ಗಳೂ ಬದಲಾಗಬಹುದು. ವಾಚ್‌ಡಾಗ್ (ಪ್ರೋಗ್ರಾಂ ಹ್ಯಾಂಗ್ ಆದರೆ ಚಿಪ್ ಅನ್ನು ಮತ್ತೆ ಶುರು ಮಾಡಿಸುವ ಟೈಮರ್) ಅನ್ನು ಟೈಮರ್ ಇಂಟರಪ್ಟ್ (ಮುಖ್ಯ ಲೂಪ್ ನಡುವೆ ತಾನಾಗಿ ಓಡುವ ಕೋಡ್ ತುಣುಕು) ಒಳಗಿಂದ ರೀಸೆಟ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ದಯವಿಟ್ಟು ಬಿಡಿ. ಮುಖ್ಯ ಲೂಪ್ ಸತ್ತರೂ ಇಂಟರಪ್ಟ್ ಬದುಕಿರುತ್ತದೆ, ಆಗ ವಾಚ್‌ಡಾಗ್ ಇದ್ದೂ ಇಲ್ಲದ ಹಾಗೆ. ಆಸ್ಪತ್ರೆ, ಬ್ಯಾಂಕ್ ಲೆಕ್ಕದ ಸರ್ವರ್ ಆದರೆ ಇಸಿಸಿ ರ‍್ಯಾಮ್ ಹಾಕಿಸಿ. ಅದು ಒಂದು ಬಿಟ್ ತಪ್ಪನ್ನು ತಾನೇ ತಿದ್ದುತ್ತದೆ, ಎರಡಾದರೆ ಕಂಡುಹಿಡಿದು ತಿಳಿಸುತ್ತದೆ.

ಇನ್ವರ್ಟರ್, ಡ್ರೈವ್ ಕೆಲಸ ಮಾಡುವವರಿಗೆ ಇನ್ನೊಂದು ಮಾತು, ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿಕೊಳ್ಳುವವರಿಗೂ ಸೇರಿ. 1990ರ ದಶಕದ ಶುರುವಿನಲ್ಲಿ ಹೆಚ್ಚು ವೋಲ್ಟೇಜ್‌ನ ಪವರ್ ಸೆಮಿಕಂಡಕ್ಟರ್‌ಗಳು ಯಾವ ಮುನ್ಸೂಚನೆಯೂ ಇಲ್ಲದೆ ಸುಡುತ್ತಿದ್ದವು. ಅವನ್ನೇ ಉಪ್ಪಿನ ಗಣಿಯ ಆಳಕ್ಕೆ ಒಯ್ದು ವೋಲ್ಟೇಜ್ ಕೊಟ್ಟಾಗ ಸುಡೋದು ನಿಂತಿತು. ನೆಲವೇ ಕಾಸ್ಮಿಕ್ ಕಣಗಳನ್ನು ತಡೆದಿತ್ತು. ಇಲ್ಲಿ ಬಿಟ್ ಬದಲಾಗೋದಲ್ಲ, ಪೂರ್ತಿ ಐಜಿಬಿಟಿಯೇ (ಕರೆಂಟ್ ಆನ್ ಆಫ್ ಮಾಡುವ ಪವರ್ ಸೆಮಿಕಂಡಕ್ಟರ್) ಹೋಗುತ್ತದೆ, ಮತ್ತು ವೋಲ್ಟೇಜ್ ರೇಟಿಂಗ್‌ಗೆ ಹತ್ತಿರವಾದಷ್ಟೂ ಅಪಾಯ ಬಹಳ ಬೇಗ ಏರುತ್ತದೆ. 415 ವೋಲ್ಟ್ ತ್ರೀ ಫೇಸ್ ರೆಕ್ಟಿಫೈ ಮಾಡಿದರೆ ಡಿಸಿ ಸುಮಾರು 587 ವೋಲ್ಟ್. ಅದಕ್ಕೆ 1200 ವೋಲ್ಟ್ ಡಿವೈಸ್ ಹಾಕಿ. ದುಡ್ಡು ಉಳಿಸೋಕೆ ಕಡಿಮೆ ರೇಟಿಂಗ್‌ನದ್ದು ಹುಡುಕಬೇಡಿ.

ಗಿರಾಕಿಗೆ ಕೊಡುವ ಮುಂಚೆ ನೀವೇ ಒಮ್ಮೆ ಕೆಡಿಸಿ ನೋಡಿ. ಡೀಬಗರ್ ಹಾಕಿ, ಪ್ರೋಗ್ರಾಂ ಓಡುತ್ತಿರುವಾಗಲೇ ಟೈಮರ್ ವೇರಿಯಬಲ್‌ನ ಒಂದು ಬಿಟ್ ತಿರುಗಿಸಿ. ಆಮೇಲೆ ಸ್ಟೇಟ್ ವೇರಿಯಬಲ್‌ಗೆ ಇಲ್ಲದ ಸಂಖ್ಯೆ ಹಾಕಿ, ಪಿನ್ ದಿಕ್ಕಿನ ರಿಜಿಸ್ಟರ್ ಬದಲಿಸಿ. ಪ್ರತಿ ಸಲವೂ ಪಂಪ್ ಆಫ್ ಆಗಿ ನಿಲ್ಲಬೇಕು, ಇಲ್ಲವೇ ತಾನೇ ಸರಿಹೋಗಬೇಕು, ಮತ್ತು ಏನಾಯ್ತು ಅನ್ನೋದು ಸಮಯದ ಸಮೇತ ಲಾಗ್‌ನಲ್ಲಿ ಬರಬೇಕು. ಪಂಪ್ ಆನ್ ಆಗೇ ಉಳಿದರೆ ಆ ಬೋರ್ಡ್ ಇನ್ನೂ ಹೊಲಕ್ಕೆ ಹೋಗುವಂತಿಲ್ಲ.